ಟೀಚರಮ್ಮನ ಗಂಟೆಗೆ ಓ ಅಂದವರು

ಆ ಮನೆಯಲ್ಲಿ ದಿನಾ ಮಧ್ಯಾಹ್ನ ಊಟಕ್ಕೆ ಮೊದಲು ಒಂದು ಜಗಳ ಆಗಲೇಬೇಕು.

ಅಂಗಳದ ಮರಕ್ಕೆ ರೈಲು ಕಂಬಿಯ ಒಂದು ತುಂಡು ನೇತು ಹಾಕಿದ್ದಾರೆ. ಅಡುಗೆ ಆದ ಕೂಡಲೇ ಅಜ್ಜಿ ಸುತ್ತಿಗೆ ಹಿಡಿದು ಹೊರಗೆ ಬಂದು ಅದಕ್ಕೊಂದು ಹೊಡೆಯುತ್ತಾರೆ. ಹೊಲದಲ್ಲಿರುವ ಅಜ್ಜನಿಗೆ ಅದೇ ಊಟದ ಕರೆ. ಹೊಡೆದು ಕಾಯುತ್ತಾರೆ. ಮತ್ತೆ ಹೊಡೆಯುತ್ತಾರೆ. ಕೊಟ್ಟಿಗೆಯಲ್ಲಿ ಕರು ಬೆಚ್ಚಿ ಎದ್ದು ನಿಲ್ಲುತ್ತದೆ. ಕೊನೆಗೆ ಅಜ್ಜ ಮುಖ ಗಂಟು ಹಾಕಿಕೊಂಡು ಬರುತ್ತಾರೆ.

“ಮೊದಲನೇ ಏಟಿಗೇ ಓ ಅಂದೆನಲ್ಲ. ಆ ಕಂಬಿ ಏನು ಪಾಪ ಮಾಡಿದೆ?”

“ನೀವು ಓ ಅಂದಿದ್ರೆ ನಂಗೆ ಕೇಳ್ತಿರಲಿಲ್ವಾ? ಬಾಯೊಳಗೇ ಅಂದ್ಕೊಂಡು ಬಂದಿರ್ತೀರ.”

ಅಜ್ಜ ಕೈಕಾಲು ತೊಳೆದು ತಟ್ಟೆಯ ಮುಂದೆ ಕೂರುತ್ತಾರೆ. ಅಜ್ಜಿ ಬಡಿಸುತ್ತಾರೆ.

ಆ ಕಂಬಿಗೆ ಒಂದು ಕಥೆ ಇದೆ. ಅಜ್ಜಿ ಈ ಊರಿಗೆ ಬಂದದ್ದು ಶಾಲೆಗೆ ಟೀಚರಾಗಿ. ಹೊಲದ ಅಂಚಿನಲ್ಲಿ ಒಂದೇ ಕೋಣೆಯ ಶಾಲೆ, ಅದರಲ್ಲೇ ಎಲ್ಲ ತರಗತಿ. ಒಂದು ಸಾಲು ಮಗ್ಗಿ ಹೇಳಬೇಕು, ಒಂದು ಸಾಲು ಪಾಠ ಓದಬೇಕು, ಒಂದು ಸಾಲು ಬರೆಯಬೇಕು. ಟೀಚರಮ್ಮ ಬೋರ್ಡಿನ ಕಡೆ ಮುಖ ಮಾಡಿ ನಿಂತಿದ್ದರೂ ಯಾರು ಮಗ್ಗಿ ತಪ್ಪಿದರು, ಯಾರು ಸುಮ್ಮನೆ ಬಾಯಿ ಆಡಿಸುತ್ತಿದ್ದಾರೆ ಎಂದು ಹೆಸರು ಹಿಡಿದು ಹೇಳುತ್ತಿದ್ದರು. ಅವರ ಬೆನ್ನಿಗೂ ಕಿವಿ ಇದೆ ಎಂದು ಮಕ್ಕಳು ನಂಬಿದ್ದರು.

ಮಧ್ಯಾಹ್ನ ಅವರು ಈ ಕಂಬಿಗೆ ಹೊಡೆದರೆ ಶಾಲೆ ಊಟಕ್ಕೆ ಬಿಡುತ್ತಿತ್ತು. ಪಕ್ಕದ ಹೊಲದಲ್ಲಿ ಉಳುತ್ತಿದ್ದ ಹುಡುಗ ಅದೇ ಸದ್ದಿಗೆ ಎತ್ತು ಬಿಚ್ಚುತ್ತಿದ್ದ. ಬಿಚ್ಚುವ ಮೊದಲು, ಹಾಜರಿ ಕೂಗಿದಾಗ ಮಕ್ಕಳು ಹೇಳುವ ಹಾಗೆ, ಉದ್ದಕ್ಕೆ ‘ಓ...’ ಎನ್ನುತ್ತಿದ್ದ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಟೀಚರಮ್ಮ ಮೊದಲು ಕೋಪ ಮಾಡಿಕೊಂಡರು. ಒಂದು ದಿನ ಆ ಓ ಬರಲಿಲ್ಲ, ಹುಡುಗನಿಗೆ ಜ್ವರ. ಅವತ್ತು ಟೀಚರಮ್ಮನಿಗೆ ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ. ಆ ಹುಡುಗನೇ ಈಗಿನ ಅಜ್ಜ.

ಮದುವೆಯಾಯಿತು. ಬೆಳಿಗ್ಗೆ ಹಾಲು ಕರೆದು ಶಾಲೆಗೆ ಓಡುವುದು, ಸಂಜೆ ಬಂದು ಕಳೆ ಕೀಳುವುದು, ಮಕ್ಕಳನ್ನು ಸಾಕುವುದು, ಹೀಗೇ ವರ್ಷಗಳು ಹೋದವು. ಶಾಲೆಗೆ ಹೊಸ ಕಟ್ಟಡ ಬಂತು, ಕರೆಂಟಿನ ಗಂಟೆ ಬಂತು. ನಿವೃತ್ತಿಯ ದಿನ ಊರಿನವರು ಹಾರದ ಜೊತೆಗೆ ಈ ಕಂಬಿಯನ್ನೂ ಕೊಟ್ಟು ಕಳಿಸಿದರು. ಅವತ್ತಿನಿಂದ ಅದು ಅಂಗಳದ ಮರದಲ್ಲಿದೆ. ಮನೆಯಿಂದ ಒಂದು ಏಟು, ಹೊಲದಿಂದ ಒಂದು ಓ.

ಆಮೇಲೆ ಒಂದೊಂದೇ ಸದ್ದು ಹೊರಟು ಹೋಯಿತು. ಮೊದಲು ಹಕ್ಕಿಗಳು. ಹೊಲಕ್ಕೆ ಔಷಧಿ ಹೊಡೆದು ಹಕ್ಕಿಗಳೇ ಇಲ್ಲವಾದವು ಎಂದು ಅಜ್ಜಿ ಅಂದುಕೊಂಡರು. ಆಮೇಲೆ ಹಾಲು ಕರೆಯುವಾಗ ಚೆಂಬಿನಲ್ಲಿ ಏಳುವ ಸದ್ದು. ಆಮೇಲೆ ಮನುಷ್ಯರ ಮಾತು. ಇಲ್ಲಿ ಅಜ್ಜಿ, ಟೀಚರುಗಳಷ್ಟೇ ಮಾಡಬಹುದಾದ ಒಂದು ತಪ್ಪು ಮಾಡಿದರು. ತಪ್ಪು ತಮ್ಮ ಕಿವಿಯದು ಅಂದುಕೊಳ್ಳಲಿಲ್ಲ, ಎದುರಿಗಿದ್ದವರ ಉಚ್ಚಾರಣೆಯದು ಅಂದುಕೊಂಡರು. ಈಗಿನವರು ಗೊಣಗುತ್ತಾರೆ, ಅಕ್ಷರ ನುಂಗುತ್ತಾರೆ, ಇವರಿಗೆ ಪಾಠ ಹೇಳಿದವರು ಯಾರೋ ಎಂದರು. ಹಾಲಿನ ವ್ಯಾನಿನವನನ್ನು ಅಂಗಳದಲ್ಲಿ ನಿಲ್ಲಿಸಿ ಬಾಯಿ ಅಗಲಿಸಿ ಮಾತಾಡುವುದು ಕಲಿಸಿದರು. ಪಾಪ, ಅವನು ಇವತ್ತಿಗೂ ಗೇಟಿನ ಹತ್ತಿರ ಬಂದರೆ ಗಂಟಲು ಸರಿ ಮಾಡಿಕೊಳ್ಳುತ್ತಾನೆ.

ಎಲ್ಲಕ್ಕಿಂತ ಕೊನೆಗೆ ಹೋದದ್ದು ಹೊಲದ ಓ. ಅಜ್ಜನ ಜೊತೆಗಿನ ಜಗಳ ಬಿಟ್ಟರೆ ಅದನ್ನು ಮಾತ್ರ ಅಜ್ಜಿ ಯಾರ ಹತ್ತಿರವೂ ಹೇಳಲಿಲ್ಲ. ವಯಸ್ಸಾಯಿತು, ಇವರಿಗೆ ನಾನು ಬೇಡವಾದೆ, ಓಗೊಡುವುದನ್ನೂ ಬಿಟ್ಟರು ಎಂದು ಒಳಗೊಳಗೇ ಕೊರಗಿದರು.

ಊರಿನ ಆರೋಗ್ಯ ಕಾರ್ಯಕರ್ತೆ ಅಜ್ಜಿಯ ಹಳೆಯ ಶಿಷ್ಯೆ. ಶಾಲೆಯಲ್ಲಿ ಬಾಯಿ ಮುಚ್ಚದೆ ಮಾತಾಡುತ್ತಿದ್ದಳೆಂದು ಅಜ್ಜಿಯೇ ಗಿಳಿ ಎಂದು ಕರೆದಿದ್ದರು, ಆ ಹೆಸರೇ ನಿಂತುಹೋಯಿತು. ಬಿಪಿ ನೋಡಲು ಬಂದ ಗಿಳಿ, ಅಜ್ಜಿ ಮಾತು ಕೇಳುವ ಬದಲು ತುಟಿ ನೋಡುತ್ತಿದ್ದುದನ್ನು ಗಮನಿಸಿದಳು. ಒಂದು ಸಲ ಕಿವಿ ಪರೀಕ್ಷೆ ಮಾಡಿಸೋಣ, ನೋವಾಗುವುದಿಲ್ಲ ಎಂದಳು.

“ನನ್ನ ಕಿವಿ ಚೆನ್ನಾಗೇ ಇದೆ. ನೀನು ಮೊದಲು ಬಾಯಿ ಬಿಟ್ಟು ಮಾತಾಡೋದು ಕಲಿ” ಎಂದರು ಅಜ್ಜಿ.

ಗಿಳಿಗೆ ಬಾಯಿ ಬಿಡು ಅಂದವರು ಅವತ್ತಿನವರೆಗೆ ಯಾರೂ ಇರಲಿಲ್ಲ. ಅಜ್ಜ ಬಾಗಿಲಲ್ಲೇ ನಕ್ಕರು. ಈ ವಯಸ್ಸಿಗೆ ಕಿವಿ ಮಿಷನ್ ಕಟ್ಟಿಕೊಂಡು ಏನು ರೇಡಿಯೋ ಸ್ಟೇಷನ್ ನಡೆಸಬೇಕಾ, ನಮ್ಮ ಭಾವ ತಂದದ್ದು ಕೀಂ ಅನ್ನುತ್ತಾ ಡಬ್ಬಿಯಲ್ಲಿ ಬಿದ್ದಿದೆ ಎಂದು ಅವರೂ ತಳ್ಳಿಹಾಕಿದರು. ಗಿಳಿ ಬ್ಯಾಗು ಎತ್ತಿಕೊಂಡು ಹೋದಳು. ಹೋಗುವಾಗ ಸೊಸೆಗೆ ಒಂದು ಮಾತು ಹೇಳಿದಳು: ಕಿವಿ ಕೇಳದವರು ನಿಧಾನವಾಗಿ ಮಾತಿನಿಂದ ದೂರ ಸರಿಯುತ್ತಾರೆ, ನಾವು ಅದನ್ನು ಕೋಪ ಅಂದುಕೊಳ್ಳುತ್ತೇವೆ.

ಮೊಮ್ಮಗಳು ಎರಡನೇ ಕ್ಲಾಸು. ದಿನಾ ಸಂಜೆ ಅಜ್ಜಿಯ ಎದುರು ಕೂತು ಪಾಠ ಓದುತ್ತಾಳೆ. ಅಜ್ಜಿಗೆ ಇಡೀ ದಿನದಲ್ಲಿ ಇದೇ ಶಾಲೆ. ಹುಡುಗಿಗೆ ಕೆಲವು ದಿನಗಳಿಂದ ಅನುಮಾನ. ಎಷ್ಟು ತಪ್ಪು ಓದಿದರೂ ಅಜ್ಜಿ ತಲೆದೂಗುತ್ತಾರೆ. ಒಂದು ಸಂಜೆ ಅವಳು ಪುಸ್ತಕ ಹಿಡಿದು, ಸಾಲುಗಳ ಮೇಲೆ ಬೆರಳಾಡಿಸುತ್ತಾ, ಬರೀ ತುಟಿ ಆಡಿಸಿದಳು. ಪುಟ ಮುಗಿಯಿತು.

“ಭೇಷ್” ಎಂದರು ಅಜ್ಜಿ. “ಇವತ್ತು ಸ್ಪಷ್ಟವಾಗಿ ಓದಿದೆ.”

ಹುಡುಗಿಗೆ ನಗು ಬರಲಿಲ್ಲ. ಅಜ್ಜಿಯ ಕಿವಿಯ ಹತ್ತಿರ ಬಂದಳು. “ಅಜ್ಜಿ, ನಾನು ಓದಲೇ ಇಲ್ಲ.”

ಅಜ್ಜಿ ಅವಳ ಮುಖ ನೋಡಿದರು. ಬೆನ್ನು ತಿರುಗಿಸಿ ನಿಂತು ಇಂಥ ಮಕ್ಕಳನ್ನು ಹಿಡಿಯುತ್ತಿದ್ದವರು ಅವರು. ಪುಸ್ತಕ ಮುಚ್ಚಿ ಎದ್ದು ಅಡುಗೆಮನೆಗೆ ಹೋದರು. ಸೊಸೆ ತರಕಾರಿ ಹೆಚ್ಚುತ್ತಿದ್ದಳು.

“ಮಧ್ಯಾಹ್ನ ನಾನು ಗಂಟೆ ಹೊಡೆದಾಗ ನಿಮ್ಮ ಮಾವ ಓ ಅಂತಾರಾ?”

ಸೊಸೆ ಕೈ ನಿಲ್ಲಿಸಿ, ಎದುರಿಗೆ ಬಂದು ನಿಂತು ನಿಧಾನವಾಗಿ ಹೇಳಿದಳು. “ದಿನಾ ಅಂತಾರೆ ಅತ್ತೆ. ನಾನು ಈ ಮನೆಗೆ ಬಂದಾಗಿಂದ ಒಂದು ದಿನಾನೂ ತಪ್ಪಿಸಿಲ್ಲ.”

ಮರುದಿನ ಬೆಳಿಗ್ಗೆ ಗಿಳಿಯ ಮನೆಯ ಮುಂದೆ ಟೀಚರಮ್ಮ ನಿಂತಿದ್ದರು, ಕೈಯಲ್ಲಿ ಚೀಲ, ಕಾಲಲ್ಲಿ ಹೊರಗೆ ಹೋಗುವ ಚಪ್ಪಲಿ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕಿವಿಯೊಳಗೆ ನೋಡಿ ಗಟ್ಟಿಯಾಗಿದ್ದ ಗುಗ್ಗೆ ತೆಗೆದರು. ಕೆಲವರಿಗೆ ಅಷ್ಟರಲ್ಲೇ ಕೇಳಿಸಲು ಶುರುವಾಗುತ್ತದಂತೆ. ಅಜ್ಜಿಗೆ ಆಗಲಿಲ್ಲ. ಆಮೇಲೆ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಹೊರಗೆ ಬಂದ ಅಜ್ಜಿ ಮೊದಲು ಕೇಳಿದ್ದು ಎಷ್ಟು ಮಾರ್ಕ್ಸು ಬಂತು ಎಂದು. ಡಾಕ್ಟರು ನಕ್ಕು, ವಯಸ್ಸಿಗೆ ಕಿವಿಯ ಒಳಭಾಗ ಸವೆದಿದೆ, ಹೋದದ್ದು ಪೂರ್ತಿ ವಾಪಸ್ ಬರುವುದಿಲ್ಲ, ಆದರೆ ಮಿಷನ್ ಹಾಕಿದರೆ ಮಾತು ಹಿಡಿಯಬಹುದು, ಇನ್ನೂ ತಡ ಮಾಡಿದ್ದರೆ ಒಗ್ಗುವುದು ಕಷ್ಟವಾಗುತ್ತಿತ್ತು ಎಂದರು.

ಮಿಷನ್ ಬಂತು. ಮೊದಲ ದಿನ ಪಾತ್ರೆಯ ಸದ್ದು ತಲೆಗೆ ಹೊಡೆಯಿತು. ನಲ್ಲಿ ನೀರು, ಚಪ್ಪಲಿ, ತಮ್ಮದೇ ಸೀರೆಯ ಸರಬರ, ಎಲ್ಲ ಒಟ್ಟಿಗೆ ನುಗ್ಗಿದವು. ಅಜ್ಜಿ ಕಿತ್ತು ಡಬ್ಬಿಗೆ ಹಾಕಿದರು. ಅಜ್ಜ, ನಾನು ಅವತ್ತೇ ಹೇಳಿರಲಿಲ್ಲವಾ ಎನ್ನುವ ಮುಖ ಮಾಡಿದರು.

ಗಿಳಿ ಬಂದು ಡಬ್ಬಿ ತೆಗೆದಳು. “ಟೀಚರ್, ನಾನು ಮೊದಲನೇ ದಿನಾನೇ ಓದೋಕೆ ಕಲಿತ್ನಾ? ತಿಂಗಳುಗಟ್ಟಲೆ ಕೈ ಹಿಡಿದು ತಿದ್ದಿಸಿದ್ರಿ. ನಿಮ್ಮ ಕಿವಿಗೂ ಅಷ್ಟು ತಾಳ್ಮೆ ತೋರಿಸಿ.”

ಟೀಚರಮ್ಮ ಡಬ್ಬಿಗೆ ಕೈ ಚಾಚಿದರು. ಗಿಳಿ ಹೇಳಿದಂತೆ ಮೊದಲು ಸದ್ದಿಲ್ಲದ ಕೋಣೆಯಲ್ಲಿ, ಸ್ವಲ್ಪ ಹೊತ್ತು, ಮೊಮ್ಮಗಳ ಪಾಠಕ್ಕೆ ಮಾತ್ರ ಹಾಕಿಕೊಂಡರು. ಆಮೇಲೆ ಊಟದ ಹೊತ್ತಿಗೆ. ಆಮೇಲೆ ಅಂಗಳಕ್ಕೆ. ಕೀಂ ಅಂದಾಗ ಆಸ್ಪತ್ರೆಗೆ ಹೋಗಿ ಅಳತೆ ಸರಿಮಾಡಿಸಿಕೊಂಡು ಬಂದರು. ಮನೆಯವರೂ ಕಲಿತರು: ಬೆನ್ನ ಹಿಂದಿನಿಂದ ಕೂಗಬಾರದು, ಕಿರುಚಬಾರದು, ಎದುರಿಗೆ ಬಂದು ಮಾಮೂಲಿ ದನಿಯಲ್ಲೇ ಬಿಡಿಸಿ ಹೇಳಬೇಕು.

ಒಂದು ಸಂಜೆ ಓದಿನ ಮಧ್ಯೆ ಅಜ್ಜಿ ಕೈ ಎತ್ತಿದರು. “ನಿಲ್ಲು. ಆ ಸಾಲು ಮತ್ತೆ ಓದು, ಒಂದು ಪದ ಬಿಟ್ಟೆ.” ಬೈಸಿಕೊಂಡ ಹುಡುಗಿ ಖುಷಿಯಲ್ಲಿ ಅಡುಗೆಮನೆಗೆ ಓಡಿಹೋಗಿ ಅಮ್ಮನಿಗೆ ಹೇಳಿದಳು.

ಮಾರನೇ ಮಧ್ಯಾಹ್ನ ಅಜ್ಜಿ ಸುತ್ತಿಗೆ ಹಿಡಿದು ಮರದ ಹತ್ತಿರ ಬಂದರು. ಒಂದೇ ಏಟು ಹೊಡೆದರು. ಕಂಬಿ ಗುಂಯ್‌ಗುಟ್ಟುವುದು ನಿಲ್ಲಲಿ ಎಂದು ಅದರ ಮೇಲೆ ಕೈ ಇಟ್ಟರು. ಕಾದರು.

‘ಓ...’

ಅಜ್ಜಿಯ ನೆನಪಿನಲ್ಲಿ ಇದ್ದದ್ದು ಎತ್ತು ಬಿಚ್ಚುತ್ತಿದ್ದ ಹುಡುಗನ ಕಂಠ. ಹೊಲದಿಂದ ಬಂದದ್ದು ಮುದುಕನ ದನಿ. ಒಡೆದ ದನಿ, ಅರ್ಧದಲ್ಲೇ ಉಸಿರು ಎಳೆದುಕೊಂಡು ಮುಂದುವರಿದ ದನಿ. ಅದು ಯಾವಾಗ ಒಡೆಯಿತು, ಯಾವಾಗ ಬಳಲಿತು, ಅಜ್ಜಿಗೆ ಗೊತ್ತೇ ಆಗಿರಲಿಲ್ಲ. ನಡುವಿನ ಅಷ್ಟೂ ಮಧ್ಯಾಹ್ನಗಳಲ್ಲಿ ಅದು ಬಂದು ಈ ಅಂಗಳದಲ್ಲಿ ಬಿದ್ದು ಹೋಗಿತ್ತು. ಎತ್ತಿಕೊಳ್ಳುವವರು ಇರಲಿಲ್ಲ.

ಅಜ್ಜ ಬರುವ ಹೊತ್ತಿಗೆ ಅಜ್ಜಿ ಇನ್ನೂ ಮರದ ಹತ್ತಿರವೇ ನಿಂತಿದ್ದರು.

“ಏನು ಟೀಚರಮ್ಮ, ಇವತ್ತು ಒಂದೇ ಏಟು? ಕೈ ನೋವಾ?”

“ಹಾಜರಿ ಹಾಕ್ಕೊಂಡೆ” ಎಂದರು ಅಜ್ಜಿ.

ಅಜ್ಜ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒರೆಸುವುದು ಮುಗಿಯಲು ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು. ಆಮೇಲೆ, ಗಿಳಿ ಬಂದಾಗ ನನ್ನ ಕಿವಿಯನ್ನೂ ಒಂದು ಸಲ ನೋಡಲಿ ಎಂದರು.

ಈಗ ನಿಮ್ಮ ಮನೆಯ ಮಾತು. ಟಿವಿ ಜೋರಾಗಿ ಇಡುವವರು, ಕೇಳಿದ್ದನ್ನೇ ಮತ್ತೆ ಕೇಳುವವರು, ಎಲ್ಲದಕ್ಕೂ ಸುಮ್ಮನೆ ತಲೆಯಾಡಿಸುವವರು ನಿಮ್ಮಲ್ಲಿ ಇದ್ದಾರಾ? ಅವರನ್ನು ಕೆಪ್ಪು ಎಂದು ನಗಬೇಡಿ, ವಯಸ್ಸಾಯ್ತು ಬಿಡು ಎಂದು ಬಿಟ್ಟುಬಿಡಲೂ ಬೇಡಿ. ಕಿವಿಗೆ ಎಣ್ಣೆ ಬಿಡುವುದು, ಪಿನ್ನು ಬೆಂಕಿಕಡ್ಡಿ ಹಾಕುವುದು ಬೇಡ. ಕಿವಿ ಸೋರಿದರೆ, ನೋವಿದ್ದರೆ, ಅಥವಾ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಉಳಿದವರಿಗೆ ಒಂದು ಪರೀಕ್ಷೆ ಮಾಡಿಸಿ. ಎಲ್ಲಿ ಮಾಡುತ್ತಾರೆ, ಮಿಷನ್ ಕಡಿಮೆ ಬೆಲೆಗೆ ಸಿಗುತ್ತದಾ ಎಂದು ನಿಮ್ಮೂರಿನ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ.

ಟೀಚರಮ್ಮನಿಗೆ ಕಳೆದುಹೋದ ಮಧ್ಯಾಹ್ನಗಳು ವಾಪಸ್ ಬರುವುದಿಲ್ಲ. ನಿಮ್ಮ ಅಮ್ಮನಿಗೆ, ಅಪ್ಪನಿಗೆ ನಾಳೆಯ ಮಧ್ಯಾಹ್ನ ಇನ್ನೂ ಇದೆ. ಈ ವಾರವೇ ಕರೆದುಕೊಂಡು ಹೋಗಿ. ನೀವು ಓ ಅಂದದ್ದು ಅವರಿಗೆ ಕೇಳಲಿ.