ತುಟಿಯಲ್ಲಿ ಮಾತಾಡುವ ಬಸಗೊಂಡ

ಬಸಗೊಂಡನಿಗೆ ಎರಡೇ ದನಿಗಳಿದ್ದವು. ಒಂದು, ಇಡೀ ಶೆಡ್ಡಿನ ಮಗ್ಗಗಳ ಗದ್ದಲವನ್ನು ಸೀಳಿಕೊಂಡು ಆಚೆ ತುದಿಯ ನೇಕಾರನ ಕಿವಿಗೆ ಹೋಗಿ ಬಡಿಯುವಂಥ ಗರ್ಜನೆ. ಇನ್ನೊಂದನ್ನು ದನಿಯೆಂದು ಕರೆಯುವುದೇ ಕಷ್ಟ, ಏಕೆಂದರೆ ಅದು ಬರಿಯ ತುಟಿಗಳ ಚಲನೆ, ಉಸಿರಿನ ಸುಳಿವೂ ಇಲ್ಲದೆ ಒಂದೊಂದು ಅಕ್ಷರವನ್ನೂ ಗಾಳಿಯಲ್ಲಿ ಅಚ್ಚುಕಟ್ಟಾಗಿ ತಿದ್ದಿ ತೋರಿಸುವ ಮೌನಲಿಪಿ. ಇಚಲಕರಂಜಿಯ ಯಂತ್ರಮಗ್ಗಗಳ ಮುಂದೆ ಅರ್ಧ ಆಯುಷ್ಯ ನಿಂತವರಿಗೆ ಇದು ಹೊಸದಲ್ಲ. ಅಲ್ಲಿ ಆಡಿದ ಮಾತು ಆಡಿದವನ ಕಿವಿಗೇ ಮುಟ್ಟುವುದಿಲ್ಲ. ಆದ್ದರಿಂದ ನೇಕಾರರು ಒಬ್ಬರ ತುಟಿಯನ್ನು ಇನ್ನೊಬ್ಬರು ಓದಿಕೊಂಡೇ ಸುಖದುಃಖ ಹಂಚಿಕೊಳ್ಳುತ್ತಾರೆ, ಜಗಳಾಡುತ್ತಾರೆ, ಮಕ್ಕಳ ಲಗ್ನ ಗೊತ್ತುಮಾಡುತ್ತಾರೆ. ಉಳಿದವರೆಲ್ಲ ಶೆಡ್ಡಿನಿಂದ ಹೊರಬಿದ್ದೊಡನೆ ನಾಲ್ಕು ಮಂದಿಯಂತೆ ಬಾಯಿಬಿಟ್ಟು ಮಾತಾಡುತ್ತಿದ್ದರು. ಬಸಗೊಂಡ ಮಾತ್ರ ಆ ಮೌನಲಿಪಿಯನ್ನು ಹೆಗಲ ಮೇಲಿನ ವಸ್ತ್ರದ ಹಾಗೆ ಮನೆಗೂ ಒಯ್ದ, ಅಂಗಡಿಗೂ ಒಯ್ದ, ಕೊನೆಗೆ ದೇವರ ಮನೆಗೂ ಒಯ್ದ. ಅವನನ್ನು ಅರೆಮೂಕನೆಂದು ತೀರ್ಮಾನಿಸಿದ ಜಾಣರು ಪೇಟೆಯಲ್ಲಿ ಬೇಕಾದಷ್ಟಿದ್ದರು. ಅವರ ಜಾಣತನಕ್ಕಿಷ್ಟು ಬೆಂಕಿ ಬೀಳಲಿ.

ಹುಟ್ಟಿದ್ದು ಉದಗಾಂವದ ಲಿಂಗವಂತ ಒಕ್ಕಲು ಮನೆಯಲ್ಲಿ. ಹೊಲ ಅಣ್ಣಂದಿರ ಪಾಲಿಗೆ, ಮಗ್ಗ ಇವನ ಪಾಲಿಗೆ ಬಂತು. ಮಗ್ಗ ಮಗ್ಗಗಳ ನಡುವಿನ ಇಕ್ಕಟ್ಟು ದಾರಿಯಲ್ಲಿ ಓಡಾಡಿ ಓಡಾಡಿ, ಒಂದು ಭುಜವನ್ನು ಮುಂದೆ ಮಾಡಿಕೊಂಡು ಅಡ್ಡಡ್ಡ ನಡೆಯುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು. ಬಟಾಬಯಲಿನಲ್ಲಿ ಹೊರಟರೂ ಕಣ್ಣಿಗೆ ಕಾಣದ ಜಾತ್ರೆಯೊಂದರ ನಡುವೆ ಯಾರಿಗೂ ತಾಗದಂತೆ ನುಸುಳಿಕೊಂಡು ಹೋಗುವವನ ಹಾಗೆ ಕಾಣುತ್ತಿದ್ದ. ಹುಬ್ಬಿನ ಮೇಲೆ, ಕಿವಿಯ ಕೂದಲಿನಲ್ಲಿ, ಕೊರಳಿನ ಮಡಿಕೆಯಲ್ಲಿ ಹತ್ತಿಯ ನವಿರಾದ ಧೂಳು ಸದಾ ಕೂತಿರುತ್ತಿತ್ತು; ಸಂಜೆಯ ಬಿಸಿಲು ಬಿದ್ದಾಗ ಅವನ ಸುತ್ತ ಒಂದು ಮಸುಕಾದ ಪ್ರಭೆ ಎದ್ದಂತೆ ಭಾಸವಾಗಿ, ಅವನು ಈ ಓಣಿಯವನೇ ಅಲ್ಲವೇನೋ, ಯಾರದೋ ಕನಸಿನಿಂದ ದಾರಿ ತಪ್ಪಿ ಇತ್ತ ಬಂದವನೇನೋ ಅನ್ನಿಸುತ್ತಿತ್ತು. ರವಿವಾರ ಮಾತ್ರ ಕರಿ ಕೋಟು. ಕೊಲ್ಹಾಪುರದ ಹಳೇ ಬಾಜಾರದಲ್ಲಿ ಕೊಂಡ ಆ ಕೋಟಿನ ಮೊದಲ ಯಜಮಾನ ಬಸಗೊಂಡನ ಒಂದೂವರೆಯಷ್ಟಿದ್ದಿರಬೇಕು. ಅದರ ಎರಡು ಸೆರಗುಗಳು ಇವನ ಎದೆಯ ಮೇಲೆ ಒಂದರ ಮೇಲೊಂದು ಏರಿ ಮುಚ್ಚಿದ ಬಾಗಿಲಿನಂತೆ ಕೂಡುತ್ತಿದ್ದವು. ಬೇಸಿಗೆಯ ನಡುಹಗಲಿನಲ್ಲೂ ಅದನ್ನು ಕಳೆಯುತ್ತಿರಲಿಲ್ಲ.

ಇನ್ನೊಂದು ಹಟದ ಚಾಳಿಯಿತ್ತು. ಎಲ್ಲಿ ಎಳೆ ಹರಿದದ್ದು ಕಂಡರೂ ಅವನ ಬೆರಳುಗಳು ಸುಮ್ಮನಿರುತ್ತಿರಲಿಲ್ಲ; ಎರಡು ತುದಿ ಹಿಡಿದು, ರೆಪ್ಪೆ ಬಡಿಯುವುದರೊಳಗೆ ಗಂಟು ಹಾಕಿ ಬಿಡುತ್ತಿದ್ದವು. ಒಮ್ಮೆ ದಾನಿಯೇಲ ಪಾಳಕರು, ಅಂದರೆ ಹೊಸ ಚರ್ಚಿನ ಉಪದೇಶಕರು, ಕಣ್ಣುಮುಚ್ಚಿ ಕೈಚಾಚಿ ಪ್ರಾರ್ಥನೆ ಮಾಡುತ್ತಿರುವಾಗ ಯಾರೋ ತಮ್ಮ ತೋಳನ್ನು ಹಿಡಿದೆಳೆದಂತಾಗಿ ಬೆಚ್ಚಿ ಕಣ್ಣು ತೆರೆದರೆ, ಬಸಗೊಂಡ ಅವರ ಅಂಗಿಯ ತೋಳಿನ ಸಡಿಲ ದಾರಕ್ಕೆ ಗಂಟು ಬಿಗಿಯುವುದರಲ್ಲಿ ಮಗ್ನನಾಗಿದ್ದ. "ದೇವರು ಮುಟ್ಟಿದ ಅಂದ್ಕೊಂಡಿದ್ನೋ ಮಾರಾಯಾ" ಎಂದು ಪಾಳಕರು ಆಮೇಲೆ ನಕ್ಕರು.

ಆ ಚರ್ಚು ಎದ್ದದ್ದು ಮಹಾರಾಷ್ಟ್ರ ರಾಜ್ಯವಾಗುವುದಕ್ಕೆ ಸ್ವಲ್ಪ ಮೊದಲು, ಪೇಟೆಯ ಹೊರವಲಯದಲ್ಲಿ, ಕಬ್ಬಿನ ಹೊಲ ಮುಗಿದು ನೇಕಾರರ ಸಾಲುಮನೆಗಳ ಚಾಳುಗಳು ಸುರುವಾಗುವ ಕಡೆ. ಬ್ಯಾಪ್ಟಿಸ್ಟ್ ಎಂಬ ಹೆಸರೇ ಆ ಓಣಿಗೆ ಹೊಸದು. ಶಿಶುಗಳ ಹಣೆಗೆ ನೀರು ಚಿಮುಕಿಸುವ ಪದ್ಧತಿ ಇವರಲ್ಲಿಲ್ಲ, ಬೆಳೆದವರು ತಾವಾಗಿ ಒಪ್ಪಿ ಬಂದರೆ ಇಡಿಯಾಗಿ ನೀರಿನಲ್ಲಿ ಮುಳುಗಿಸಿ ಎಬ್ಬಿಸುತ್ತಾರೆ ಎಂದು ಜನ ನಲ್ಲಿಯ ಹತ್ತಿರ ಬೆರಗಿನಿಂದ ಮಾತಾಡಿಕೊಂಡರು. ಅದಕ್ಕೆಂದೇ ವೇದಿಕೆಯ ಕೆಳಗೆ ಒಂದು ಹೌದು, ಅಂದರೆ ನೀರಿನ ತೊಟ್ಟಿ, ಕಟ್ಟಿ, ಮೇಲೆ ಹಲಗೆ ಮುಚ್ಚಿದ್ದರು. ಗೋಡೆ ಕಟ್ಟಲು ಕೈಗೂಡಿಸಿದವರಲ್ಲಿ ಬಸಗೊಂಡನೂ ಒಬ್ಬ. ಪಾಳಿ ಮುಗಿಸಿ ಬಂದು ಸುಣ್ಣ ಕಲಸಿದ, ಹಂಚು ಏರಿಸಿದ, ಬೆಂಚುಗಳ ಹಲಗೆ ನುಣುಪಾಗುವಂತೆ ಗೀಸುಳಿ ಹೊಡೆದ. ಕೆಲಸ ಮುಗಿದು ಉಳಿದವರು ಮನೆಗೆ ಹೋದರು. ಅವನು ತಾನೇ ಗೀಸಿದ ಬೆಂಚಿನ ಮೇಲೆ ಸುಮ್ಮನೆ ಕೂತ. ಮರುವಾರವೂ ಬಂದು ಕೂತ. ಅವನ ಹೆಂಡತಿ ಬಾಳವ್ವ ಅವನನ್ನು ಹುಡುಕಿಕೊಂಡು ಬಂದವಳು ತಾನೂ ಕೂತಳು.

ಮೊದಲ ರವಿವಾರದ ಪ್ರಾರ್ಥನೆಯ ಕೊನೆಗೆ ಎಲ್ಲರೂ "ಆಮೇನ್" ಎಂದಾಗ ಬಸಗೊಂಡನೂ ಭಕ್ತಿಯಿಂದ ಬಾಯಿಬಿಟ್ಟ. ಹಂಚಿನ ಸಂದಿಯ ಪಾರಿವಾಳಗಳು ಭರ್ರನೆ ಎದ್ದವು, ತೊಡೆಯ ಮೇಲಿನ ಕೂಸುಗಳು ಚಿಟ್ಟನೆ ಚೀರಿದವು, ಎದುರು ಬೆಂಚಿನ ಮುದುಕಿ ಎದೆ ಹಿಡಿದುಕೊಂಡಳು. ಸಭೆಯೆಲ್ಲ ನಕ್ಕಿತು. ಅಂದಿನಿಂದ ಅವನು ಅಲ್ಲಿ ತುಟಿ ಅಲ್ಲಾಡಿಸಿದನೇ ಹೊರತು ದನಿ ತೆಗೆಯಲಿಲ್ಲ. "ಆ ದನಿ ಶೆಡ್ಡಿನ ಮುಕಾದಮಂದು, ಆಳುಗಳನ್ನ ಬೈಯಾಕ ಇಟ್ಟದ್ದು. ಅದರ್ಲೆ ದೇವರ ಮುಂದ ಮಾತಾಡ್ಲ್ಯಾ?" ಎಂದು ಬಾಳವ್ವನಿಗೆ ತುಟಿಯಲ್ಲೇ ಹೇಳಿದ.

ಹಾಗೆ ನೋಡಿದರೆ ಆ ಚರ್ಚಿನಲ್ಲಿ ಯಾರ ದನಿಯೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಪಕ್ಕದಲ್ಲೇ ಶ್ರೀಪಾಲಣ್ಣನ ಮಗ್ಗದ ಶೆಡ್ಡು; ಅದಕ್ಕೆ ರಜೆ ರವಿವಾರವಲ್ಲ, ಬೇರೆ ದಿನ. ಗಡಹಿಂಗ್ಲಜದ ಸದ್ದಿಲ್ಲದ ಓಣಿಯಲ್ಲಿ ಬೆಳೆದ ಪಾಳಕರು, ರವಿವಾರ ಮುಂಜಾನೆ ಒಂದು ತಾಸು ಮಗ್ಗ ನಿಲ್ಲಿಸಬೇಕೆಂದು ಕೇಳಲು ಹೋದರು. ಶ್ರೀಪಾಲಣ್ಣ ಒಳ್ಳೆಯ ಜೈನ ಗೃಹಸ್ಥ. ಚಹಾ ತರಿಸಿದ. "ಪಾಳಕರ, ನಮ್ಮ ಬಸ್ತಿ ಗ್ವಾಡಿಗೆ ಹತ್ತೇ ನನ್ನ ತಮ್ಮನ ಶೆಡ್ ಐತಿ. ಮಹಾವೀರಸ್ವಾಮಿ ಇನ್ನೂತನಕ ತಕರಾರ ಹೇಳಿಲ್ಲ. ನಿಮ್ಮಾಂವ ಹೇಳ್ಯಾನೇನ್ರಿ?" ಪಾಳಕರು ನಕ್ಕು, ಚಹಾ ಮುಗಿಸಿ ಎದ್ದು ಬಂದರು. ಹೀಗಾಗಿ ಮಗ್ಗಗಳ ಅಖಂಡ ಬಡಿತವೇ ಆ ದೇವಾಲಯದ ಶ್ರುತಿಯಾಯಿತು. ಹಂಚಿನ ಸಂದಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಹತ್ತಿಯ ಎಳೆಗಳು ಮೆಲ್ಲಮೆಲ್ಲನೆ ಈಜುತ್ತ, ಮರಾಠಿ ಕನ್ನಡಗಳೆರಡರ ಹಾಡುಗಳೂ ಆ ಬಡಿತದೊಳಗೆ ಮುಳುಗಿ ಏಳುತ್ತ, ಒಳಗೆ ಕೂತವರು ಯಾವುದೋ ದೊಡ್ಡ ಹಡಗಿನ ಹೊಟ್ಟೆಯಲ್ಲಿ ತೇಲುತ್ತಿರುವಂತೆ ಆ ಒಂದು ತಾಸು ಸರಿದುಹೋಗುತ್ತಿತ್ತು.

ತಿಂಗಳಿಗೊಮ್ಮೆ ಕರ್ತನ ಭೋಜನ. ಸಣ್ಣಗೆ ಮುರಿದ ರೊಟ್ಟಿಯ ತಟ್ಟೆ ಬೆಂಚಿನಿಂದ ಬೆಂಚಿಗೆ ಸಾಗಿ ಬರುತ್ತದೆ. ದೀಕ್ಷಾಸ್ನಾನ ಆದವರಷ್ಟೇ ಅದರಲ್ಲಿ ಕೈಯಿಡಬೇಕು. ಬಾಳವ್ವ ಮೊದಲ ತಂಡದಲ್ಲೇ ನೀರಿಗಿಳಿದಿದ್ದಳು. ಬಸಗೊಂಡ ಇಳಿದಿರಲಿಲ್ಲ. ತಟ್ಟೆ ಬಂದಾಗ ಅವನು ಎರಡೂ ಕೈಯಿಂದ ಹಿಡಿದು, ಒಂದು ಕ್ಷಣ ನೋಡಿ, ಪಕ್ಕದವರಿಗೆ ದಾಟಿಸುತ್ತಿದ್ದ. ಆ ಬೆಂಚು ಅವನು ಗೀಸಿದ್ದು, ಆ ಗೋಡೆಯ ಸುಣ್ಣ ಅವನು ಕಲಸಿದ್ದು. ರೊಟ್ಟಿ ಮಾತ್ರ ಅವನದಲ್ಲ.

ಅಡ್ಡ ಬಂದದ್ದು ಒಂದೇ ನಿಯಮ. ನೀರಿಗಿಳಿಯುವವನು ಮೊದಲು ಸಭೆಯೆದುರು ತನ್ನ ನಂಬಿಕೆಯ ಸಾಕ್ಷಿಯನ್ನು ತನ್ನ ಬಾಯಿಂದಲೇ ಹೇಳಬೇಕು. ಉಳಿದವರೆಲ್ಲ ಮಗ್ಗದ ಸದ್ದಿನ ಮೇಲೆ ಗಂಟಲು ಹರಿದುಕೊಂಡು ಹೇಳಿದ್ದರು. ಬಸಗೊಂಡನ ಸರದಿ ಬಂದಾಗ ಅವನು ಹೌದಿನ ಮೆಟ್ಟಿಲ ಮೇಲೆ ಸಭೆಗೆ ಮುಖಮಾಡಿ ನಿಂತು ಹೇಳತೊಡಗಿದ, ತುಟಿಯಲ್ಲಿ. ಎದುರಿಗಿದ್ದವರೆಲ್ಲ ನೇಕಾರರು, ನೂಲಿನ ಕಂಡಿಕೆ ಸುತ್ತುವ ಹೆಂಗಸರು. ಸೆರಗಿನಿಂದ ಕಣ್ಣೊರಸಿಕೊಂಡರು, ಕೊನೆಗೆ ಒಟ್ಟಾಗಿ "ಆಮೇನ್" ಎಂದರು. ಅವನ ಬೆನ್ನ ಹಿಂದೆ ಎದೆಮಟ್ಟದ ನೀರಿನಲ್ಲಿ ನಿಂತಿದ್ದ ಪಾಳಕರಿಗೆ ಕಂಡದ್ದು ಅವನ ಹಿಂದಲೆ, ಕೇಳಿದ್ದು ಶ್ರೀಪಾಲಣ್ಣನ ಮಗ್ಗ.

"ಇನ್ನೂ ಸುರುನೇ ಮಾಡಿಲ್ಲಲ್ಲ?" ಎಂದರು ಪಾಳಕರು.

"ಮುಗೀತಲ್ಲರೀ" ಎಂದಳು ಮುಂದಿನ ಬೆಂಚಿನ ಹಾಲವ್ವ, ಕಂಡಿಕೆಯವರಲ್ಲಿ ಹಿರಿಯಳು. "ಎಲ್ಲಾ ಹೇಳಿದ. ಭಾಳ ಚಂದ ಹೇಳಿದ."

"ನನಗೇನೂ ಕೇಳಲಿಲ್ಲ ಹಾಲವ್ವಾ."

"ನೀವು ಇತ್ತಾಗ ಬಂದು ಮಾರಿ ನೋಡಬೇಕಿತ್ತು."

"ಸಾಕ್ಷಿ ಕಿವಿಗೆ ಬೀಳಬೇಕವ್ವಾ. ನಾಳೆ ಯಾರರ ಕೇಳಿದ್ರ, ಮಾರಿ ನೋಡಿ ನೀರಾಗ ಮುಳುಗಿಸಿದ್ನಿ ಅನ್ಲ್ಯಾ?"

ಪಾಳಕರು ಕಠಿಣರಲ್ಲ, ಮನುಷ್ಯ ತನ್ನ ಒಪ್ಪಿಗೆಯನ್ನು ತಾನೇ ನುಡಿದು ಕೊಡಬೇಕು, ಬೇರೆಯವರು ಅವನ ಪರವಾಗಿ ಹೂಂ ಅನ್ನಬಾರದು ಎಂಬುದೇ ತಮ್ಮ ಪಂಥದ ಜೀವ ಎಂದು ನಂಬಿದವರು. ಆ ದಿನ ಬಸಗೊಂಡ ಒಣ ಬಟ್ಟೆಯಲ್ಲೇ ಮನೆಗೆ ಹೋದ.

ಮನೆಯಲ್ಲಿ ಬಾಳವ್ವ ಅವನಿಗೆ ಮಾತು ಕಲಿಸಲು ಕೂತಳು. "ಒದರಬ್ಯಾಡ್ರಿ, ಪಿಸುಗುಡಬ್ಯಾಡ್ರಿ. ನಡಬರ್ಕ ಅನ್ರಿ." ಅವನು ಉಸಿರು ಕಟ್ಟಿ, ಕೊರಳಿನ ನರ ಉಬ್ಬಿಸಿ, ಒಂದು ಶಬ್ದ ಬಿಟ್ಟ. ಕೋಳಿಗಳು ಗೋಡೆ ಹಾರಿದವು. ಗೋಡೆಯಾಚೆಯಿಂದ ಪಕ್ಕದ ಮನೆಯ ಚಂಪಾಬಾಯಿ, "ಕಾಯ್ ಝಾಲಂ ಗ, ಜಗಳೇನು?" ಎಂದು ಕೇಳಿದಳು.

"ಜಗಳಲ್ಲ ವೈನಿ. ಪ್ರಾರ್ಥನಾ ಕಲ್ಯಾಕತ್ತಾರ."

ನಾಲ್ಕು ದಿನ ಹೆಣಗಿ ಅವನು ಕೈಬಿಟ್ಟ. ಹೊಟ್ಟೆಯೊಳಗೆಲ್ಲ ಹುಡುಕಿದರೂ ನಡುವಿನ ದನಿಯೊಂದು ಸಿಗಲಿಲ್ಲ. ನನಗ ಬ್ಯಾಡ ಬಿಡು, ಎಂದ ತುಟಿಯಲ್ಲಿ.  ಮುಂದಿನ ಭೋಜನದ ತಟ್ಟೆ ಬಂದಾಗ, ಅವನು ದಾಟಿಸಿದ್ದನ್ನು ಬಾಳವ್ವನೂ ಕೈಯಿಡದೆ ಮುಂದಕ್ಕೆ ದಾಟಿಸಿದಳು. ಅವನು ಗಾಬರಿಯಾಗಿ, ತಗೋ, ಎಂದು ತುಟಿ ಅಲ್ಲಾಡಿಸಿದ. ಅವಳೂ ತುಟಿಯಲ್ಲೇ ಉತ್ತರ ಕೊಟ್ಟಳು: ಒಬ್ಬಾಕೀನ ಹ್ಯಾಂಗ ಉಣ್ಣಲಿ?

ತನ್ನ ಹಸಿವನ್ನು ನುಂಗಿಕೊಳ್ಳುವುದು ಅವನಿಗೆ ಬರುತ್ತಿತ್ತು. ಅವಳದನ್ನು ನುಂಗಿಕೊಳ್ಳುವುದು ಬರಲಿಲ್ಲ. ಪಾಳಕರ ಬಾಗಿಲಿಗೆ ಹೋಗಿ, ಇನ್ನೊಮ್ಮೆ ನಿಂದ್ರತೇನಿ ಎಂದು ಕೈಸನ್ನೆ ಮಾಡಿ ಬಂದ.

ಶ್ರಾವಣದ ಒಂದು ರವಿವಾರ. ಹೊರಗೆ ಬಿಸಿಲು ಮಳೆ ಎರಡೂ ಒಂದೇ ಹೊತ್ತಿಗೆ. ಹೌದಿನ ನೀರಿನ ಮೇಲೆ ಹಂಚಿನ ಸಂದಿಯ ಬೆಳಕು ನಡುಗುತ್ತಿತ್ತು. ಈ ಸಲ ಪಾಳಕರು ಪಕ್ಕದಲ್ಲೇ ಕಿವಿಗೊಟ್ಟು ನಿಂತರು. ಬಸಗೊಂಡನ ಮುಖ ಬೆವತಿತ್ತು. ಗರ್ಜಿಸಬೇಕೆಂದೇ ಅವನು ಮನಸ್ಸು ಕಲ್ಲು ಮಾಡಿಕೊಂಡು ಬಂದಿದ್ದ, ಪಾರಿವಾಳ ಏಳಲಿ, ಕೂಸು ಅಳಲಿ ಎಂದು. ಆದರೆ ಬಾಯಿ ತೆರೆದಾಗ ತುಟಿಗಳು ತಮ್ಮ ಹಳೆಯ ದಾರಿಯನ್ನೇ ಹಿಡಿದವು. ಪಾಳಕರ ತಲೆ ಮೆಲ್ಲಗೆ ಬಾಗಿತು. ಅಷ್ಟರಲ್ಲಿ ಲೈಟ್ ಹೋಯಿತು.

ಶೆಡ್ಡಿನ ಮಗ್ಗಗಳು ಒಂದೊಂದಾಗಿ ಬಡಿತ ತಗ್ಗಿಸಿ, ತೇಕಿ, ನಿಂತುಬಿಟ್ಟವು. ಸಭೆ ಕೂಡಿದ ಹೊತ್ತಿನಲ್ಲಿ ಆ ಗೋಡೆಗಳು ಎಂದೂ ಕಾಣದ ನಿಶ್ಶಬ್ದ. ಹೌದಿನ ಅಂಚಿಗೆ ನೀರು ತಾಗುವುದು ಕೇಳಿಸಿತು. ಕಬ್ಬಿನ ಗರಿಯ ಮೇಲೆ ಹನಿ ಬೀಳುವುದು ಕೇಳಿಸಿತು. ಆ ನಿಶ್ಶಬ್ದದಲ್ಲಿ ಯಾರೋ ಮಾತಾಡುತ್ತಿದ್ದರು; ಸಣ್ಣ, ಸ್ವಲ್ಪ ಒಡಕು, ಈಗಷ್ಟೇ ನಿದ್ದೆಯಿಂದೆದ್ದ ಹುಡುಗನದಂಥ ದನಿ. ಬಾಳವ್ವ ಯಾರೆಂದು ತಿರುಗಿ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ.

"ಮಗ್ಗದ ಶೆಡ್ಡಿನ್ಯಾಗ ಯಾರೂ ಹೆಸರ ಹಿಡದು ಕರಿಯೂದಿಲ್ರಿ" ಎನ್ನುತ್ತಿದ್ದ ಬಸಗೊಂಡ. "ಕೈಮಾಡಿ ಕರೀತಾರ. ಇಲ್ಲಿ ಗ್ವಾಡಿ ಕಟ್ಟೂವಾಗ, ಯಾರೋ ಹೆಸರ ಹಿಡದು ಕರದಂಗಾತು. ತಿರುಗಿ ನೋಡಿದ್ನಿ, ಯಾರೂ ಇರಲಿಲ್ಲ. ಅವತ್ತಿಂದ ಕುಂತೇನಿ. ತಟ್ಟಿ ನನ್ನ ದಾಟಿ ಹೋಗತೈತಿ. ಸಿಟ್ಟ ಬರೂದಿಲ್ಲ. ಹಸಿವಿ ಆಗತೈತಿ. ಇಷ್ಟರೀ."

ಅವನಿಗೆ ತಾನು ದನಿ ತೆಗೆದದ್ದು ಗೊತ್ತೇ ಇರಲಿಲ್ಲ. ಗದ್ದಲದ ಅಡಿಯಲ್ಲಿ ಇಷ್ಟು ವರ್ಷವೂ ಆ ತುಟಿಗಳ ಹಿಂದೆ ಅದು ಇತ್ತೋ, ಯಾರಿಗೂ, ಅವನಿಗೂ ಕೇಳಿಸದೆ ಹರಿಯುತ್ತಿತ್ತೋ, ಯಾರು ಹೇಳಬಲ್ಲರು.  ಪಾಳಕರು ನೀರಿಗಿಳಿದು, "ಕೇಳಿಸ್ತೋ ತಮ್ಮಾ" ಎಂದು ಕೈ ಚಾಚಿದರು. ಬಸಗೊಂಡ ಕರಿ ಕೋಟು ಕಳೆದು ಬಾಳವ್ವನ ಕೈಗೆ ಕೊಟ್ಟು ಕೆಳಗಿಳಿದ. ಅವನು ನೀರಿನಿಂದ ಏಳುವ ಹೊತ್ತಿಗೆ ಲೈಟ್ ಬಂದು ಮಗ್ಗಗಳು ಮತ್ತೆ ಬಡಿಯತೊಡಗಿದ್ದವು. ಅವನು ಏನೋ ಅಂದ, ಕೇಳಿಸಲಿಲ್ಲ. ಹಾಲವ್ವ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. "ನೀರ ಭಾಳ ತಣ್ಣಗದಾವಂತ."

ಆ ತಿಂಗಳ ಭೋಜನದಲ್ಲಿ ತಟ್ಟೆ ಆ ಬೆಂಚಿಗೆ ಬಂದು, ಎರಡು ಕೈಗಳು ಅದರಲ್ಲಿಳಿದು, ಮುಂದೆ ಹೋಯಿತು. ಬಸಗೊಂಡ ಆಮೇಲೂ ಮೊದಲಿನಂತೆಯೇ ಇದ್ದ. ಆ ದನಿಯನ್ನು ಪೇಟೆ ಎರಡನೆಯ ಸಲ ಕೇಳಲಿಲ್ಲ, ಬಾಳವ್ವ ಕೇಳಿದಳೋ ಏನೋ, ಅವಳು ಹೇಳುವವಳಲ್ಲ. ಇಂಥವರು ಪ್ರತಿ ಊರಿನಲ್ಲೂ ಇರುತ್ತಾರೆ. ಬದುಕಿನ ಬಡಿತದ ನಡುವೆ ನಿಂತು ನಿಂತು ಮಾತು ಸವೆಸಿಕೊಂಡವರೆಂದು ನಾವು ಅವರನ್ನು ಬದಿಗಿಟ್ಟಿರುತ್ತೇವೆ. ಅವರಾದರೋ ಸವೆಯದ ಒಂದು ದನಿಯನ್ನು ಖರ್ಚು ಮಾಡದೆ, ತಮ್ಮಲ್ಲಿದೆಯೆಂದು ತಮಗೂ ತಿಳಿಯದೆ, ಆಯುಷ್ಯವಿಡೀ ಕಾಪಾಡಿಕೊಂಡು ಬಂದಿರುತ್ತಾರೆ. ಅದು ಹೊರಬೀಳುವುದು ಅವರ ಪ್ರಯತ್ನದಿಂದಲ್ಲ, ಜಗತ್ತು ಒಂದು ಗಳಿಗೆ ಬಾಯಿ ಮುಚ್ಚಿದಾಗ. ಎಷ್ಟೋ ಜನರ ಪಾಲಿಗೆ ಆ ಗಳಿಗೆ ಬರುವುದೇ ಇಲ್ಲ, ಅವರು ತುಟಿ ಅಲ್ಲಾಡಿಸುತ್ತಲೇ ಹೋಗಿಬಿಡುತ್ತಾರೆ.