ಬ್ಯಾಟರಿ ಶೆಡ್ಡಿನ ಹಿಂದಿನ ಸೊಪ್ಪು

ಇದು ಕಟ್ಟುಕತೆಯಲ್ಲ, ನಡೆದದ್ದು. ಇದರಲ್ಲಿ ಕಟ್ಟು ಅಂತ ಏನಾದರೂ ಇದ್ದರೆ ಅದು ಸೊಪ್ಪಿನ ಕಟ್ಟು ಮಾತ್ರ.

ನಗರಸಭೆಯ ಪ್ರಚಾರ ವಿಭಾಗದಲ್ಲಿ ನನ್ನದು ಘೋಷಣೆ ಬರೆಯುವ ಕೆಲಸ. ಮೂರು ದಿನ ಲಾರಿಯಲ್ಲಿ ಬಾಡಿ ಬಂದದ್ದನ್ನು ಬಿಟ್ಟು ಊರಿನವರು ಊರಲ್ಲೇ ಬೆಳೆದದ್ದನ್ನು ತಿನ್ನಬೇಕು ಎಂದು ಆ ವರ್ಷ ಕಚೇರಿ ಹೊರಟಿತ್ತು. ‘ಸೊಪ್ಪು ತಿಂದವರು ಸಪ್ಪಗಿರುವುದಿಲ್ಲ’ ಎಂಬ ಬ್ಯಾನರು ನನ್ನದೇ. ತಾರಸಿ, ಖಾಲಿ ಸೈಟು, ರೈಲು ಹಳಿಯ ಪಕ್ಕ, ಎಲ್ಲಿ ಬೆಳೆದರೂ ಸರಿ, ಭಾನುವಾರದ ಸಂತೆಯಲ್ಲಿ ಪುಕ್ಕಟೆ ಜಾಗ. ಮೊದಲ ಜಾಗ ಹಿಡಿದವಳು ನನ್ನ ಸೋದರತ್ತೆ. ಅವಳಾಗಿ ಬಂದದ್ದಲ್ಲ, ನಾನೇ ದುಂಬಾಲು ಬಿದ್ದು ಕರೆತಂದದ್ದು.

ಅತ್ತೆ ಬಸ್ ಕಂಡಕ್ಟರಾಗಿ ನಿವೃತ್ತಿಯಾದವಳು. ಮನೆಯ ಹಿಂದೆ, ಮುಚ್ಚಿಹೋದ ಬ್ಯಾಟರಿ ಶೆಡ್ಡಿನ ಗೋಡೆಗೆ ಆನಿಕೊಂಡಂತೆ, ಎಂಟು ಮಡಿ ಸೊಪ್ಪು ಹಾಕಿದ್ದಳು. ಮಗಳು ನರ್ಸು, ಅವಳು ಪಾಳಿ ಮುಗಿಸಿ ಬರುವ ತನಕ ಹತ್ತು ತಿಂಗಳ ಮೊಮ್ಮಗಳು ಅತ್ತೆಯ ಸೊಂಟದ ಮೇಲೆ. ಆ ಕೂಸಿಗೆ ದಿನಕ್ಕೆರಡು ಸಲ ಸೊಪ್ಪು ಬೇಯಿಸಿ, ನುಣ್ಣಗೆ ಹಿಸುಕಿ ತಿನ್ನಿಸುತ್ತಿದ್ದಳು. ಡಬ್ಬಿ ಪುಡಿ ಕೊಡುವವರು ಕೊಡಲಿ, ನಮ್ಮ ಹುಡುಗಿ ನಮ್ಮ ಮಣ್ಣಲ್ಲಿ ಬೆಳೆದದ್ದು ತಿಂದೇ ದೊಡ್ಡವಳಾಗುತ್ತಾಳೆ ಎಂದು ಗಿರಾಕಿಗಳಿಗೆ ಕೂಸಿನ ಕೆನ್ನೆ ಹಿಂಡಿ ತೋರಿಸುತ್ತಿದ್ದಳು. ಆ ಮಾತನ್ನೂ ನಾನು ಬ್ಯಾನರಿಗೇರಿಸಿದೆ.

ಬೆಳೆಗಾರರ ಮಣ್ಣು ಪರೀಕ್ಷಿಸಬೇಕು ಎಂಬುದು ಕಚೇರಿಗೆ ಹೊಳೆದದ್ದು ಸಂತೆ ಶುರುವಾಗಿ ಐದು ತಿಂಗಳಾದ ಮೇಲೆ. ಮಣ್ಣಿನ ಸಾಹೇಬರದ್ದು ಒಂದು ಪದ್ಧತಿ. ಫಲಿತಾಂಶವನ್ನು ಮೊದಲು ಫೋನಿನಲ್ಲಿ ಹೇಳಿ, ಪಟ್ಟಿಯಲ್ಲಿ ‘ತಿಳಿಸಲಾಗಿದೆ’ ಎಂದು ಗುರುತು ಹಾಕುತ್ತಾರೆ. ಕಾಗದ ಬರುವುದು ತಿಂಗಳಾದ ಮೇಲೆ. ಅವರದು ಮೂಗಿನ ದನಿ. ಮಾತಿಗೆ ಮುಂಚೆ ಎರಡು ಕೆಮ್ಮು, ಆಮೇಲೆ ಒಂದು “ವಿಷಯ ಏನಪ್ಪಾ ಅಂದ್ರೆ”. ಅಂಥ ದನಿ ಕಿವಿಗೆ ಬಿದ್ದ ಮೇಲೆ ನನ್ನ ನಾಲಿಗೆ ಅದನ್ನು ಅಣಕಿಸದೆ ಸುಮ್ಮನಿರುವುದುಂಟೇ?

ಒಂದು ಸೋಮವಾರ ಕಚೇರಿಯಿಂದಲೇ ಅತ್ತೆಗೆ ಫೋನು ಮಾಡಿದೆ. ಎರಡು ಸಲ ಕೆಮ್ಮಿ, ನಿಮ್ಮ ಮಣ್ಣಲ್ಲಿ ಚಿನ್ನದ ಅಂಶವಿದೆ, ಯಾರಿಗೂ ಹೇಳಬೇಡಿ ಅಂದೆ. ಅತ್ತೆ ‘ಯಾರಿಗೂ ಹೇಳಬೇಡಿ’ ಎನ್ನುತ್ತಲೇ ಇಡೀ ಬೀದಿಗೆ ಹೇಳಿದಳು, ಹಿತ್ತಲ ಬಾಗಿಲಿಗೆ ಹೊಸ ಬೀಗ ಜಡಿದಳು. ಸಂಜೆ ನಾನೇ ಹೋಗಿ ಅದೇ ದನಿಯಲ್ಲಿ ಬೀಗದ ಕೈ ಕೇಳಿದಾಗ ಪೊರಕೆ ಹಿಡಿದು ಅಟ್ಟಿಸಿಕೊಂಡು ಬಂದಳು. ಬೀದಿಯವರ ಬಾಯಲ್ಲಿ ವಾರವಿಡೀ ಅವಳು ಚಿನ್ನದಮ್ಮ. ಇನ್ನೊಮ್ಮೆ ಆ ಕೆಮ್ಮಿಗೆ ಮರುಳಾದರೆ ನನ್ನ ಕಿವಿ ಕತ್ತರಿಸಿ ಎಂದು ಎಲ್ಲರೆದುರು ಸವಾಲು ಹಾಕಿದಳು.

ಅದಾಗಿ ಎರಡು ವಾರಕ್ಕೆ, ಭಾನುವಾರ ಬೆಳಿಗ್ಗೆ, ಸಾಹೇಬರು ನನಗೆ ಫೋನು ಮಾಡಿದರು. ಪೇಪರಿನಲ್ಲಿ ಅತ್ತೆಯ ಅಂಗಡಿಯ ಫೋಟೋ ನೋಡಿ ಸಿಟ್ಟಾಗಿದ್ದರು. ಅವಳಿಗೆ ಹಿಂದಿನ ಮಂಗಳವಾರವೇ ಹೇಳಿದ್ದರಂತೆ: ಮಣ್ಣಲ್ಲಿ ಶೆಡ್ಡಿನ ಹಳೇ ಬ್ಯಾಟರಿಗಳ ಸೀಸ, ಇರಬಹುದಾದ ಮಿತಿಗಿಂತ ಒಂಬತ್ತು ಪಟ್ಟು, ಎಲೆಯಲ್ಲೂ ಇದೆ, ಎಲ್ಲಾ ಕಿತ್ತುಹಾಕಿ, ಮಕ್ಕಳಿಗಂತೂ ಕೊಡಲೇಬೇಡಿ.

“ಅದಕ್ಕೆ ಆಯಮ್ಮ ಏನಂದ್ರು ಗೊತ್ತೇನ್ರೀ? ‘ಮೊನ್ನೆ ಚಿನ್ನ, ಇವತ್ತು ಸೀಸ, ನಾಳೆ ಬೆಳ್ಳೀನೇನೋ ಕಪಿ?’ ಅಂತ ಫೋನ್ ಇಟ್ರು. ನಾನು ಗುರುತು ಹಾಕ್ಕೊಂಡೆ.”

ಓಡಿದೆ. ಸಂತೆಯಲ್ಲಿ ಅತ್ತೆಯ ಬುಟ್ಟಿ ಅರ್ಧ ಖಾಲಿಯಾಗಿತ್ತು. ಅವಳು ಸ್ಟೂಲಿನ ಮೇಲೆ ಕೂತು ಕೂಸಿಗೆ ತಿನ್ನಿಸುತ್ತಿದ್ದಳು. ಕೂಸಿನ ಗಲ್ಲದ ತನಕ ಹಸಿರು ಇಳಿದಿತ್ತು.

“ಅತ್ತೆ, ಮಂಗಳವಾರ ಫೋನ್ ಮಾಡಿದ್ದು ನಾನಲ್ಲ.”

“ಗೊತ್ತು ಬಿಡಪ್ಪಾ, ಸಾಹೇಬ್ರು,” ಎಂದು ಅವಳೇ ಎರಡು ಸಲ ಕೆಮ್ಮಿದಳು. ಸೊಪ್ಪು ಆರಿಸುತ್ತಿದ್ದ ಹೆಂಗಸರು ಕಿಸಕ್ಕೆಂದರು.

ಸಾಹೇಬರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಕೆಮ್ಮು ಕೇಳಿದ್ದೇ ತಡ, ಪಕ್ಕದ ಅಂಗಡಿಗಳವರೂ ಮುತ್ತಿಕೊಂಡರು. ಸಾಹೇಬರು ಒಂಬತ್ತು ಪಟ್ಟು ಎಂದರು, ಮಗುವಿನ ಮಿದುಳು ಎಂದರು. ಅತ್ತೆ ಫೋನಿನ ಹತ್ತಿರ ಬಾಗಿ, ನಮ್ಮ ಹುಡುಗ ನಿನಗೂ ಕಲಿಸಿಬಿಟ್ಟನೇನೋ, ಪರವಾಗಿಲ್ಲ, ಕೆಮ್ಮು ಮಾತ್ರ ಇನ್ನೂ ಪಳಗಬೇಕು ಎಂದಳು. ಆ ಕಡೆ ಫೋನು ಕುಕ್ಕಿದ ಸದ್ದು. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಬಟ್ಟಲಿಗೆ ಕೈ ಹಾಕಿದೆ. ಅವಳು ಬಿಡಲಿಲ್ಲ. ಎಳೆದಾಟದಲ್ಲಿ ಸೊಪ್ಪು ನನ್ನ ಅಂಗಿಯ ಮೇಲೆಲ್ಲ ಚೆಲ್ಲಿತು. ಯಾರ ದನಿಯೂ ಅಲ್ಲದ ನನ್ನ ದನಿಯಲ್ಲಿ ಬೇಡ ಅತ್ತೆ, ಕೊಡಬೇಡ ಎಂದೆ. ಅಳು ಬಂದುಬಿಟ್ಟಿತು.

“ಅಳೋದನ್ನೂ ಎಷ್ಟು ಚೆನ್ನಾಗಿ ಮಾಡ್ತಾನೆ ನೋಡ್ರೀ,” ಎಂದು ಒಬ್ಬಾಕೆ ಇನ್ನೆರಡು ಕಟ್ಟು ಚೀಲಕ್ಕೆ ಹಾಕಿಕೊಂಡಳು.

ಸುತ್ತ ನಿಂತವರೆಲ್ಲ ನಕ್ಕರು. ಅತ್ತೆ ಬಟ್ಟಲಿನ ತಳದಲ್ಲಿ ಉಳಿದದ್ದನ್ನು ಬೆರಳಲ್ಲಿ ಬಳಿದು ಕೂಸಿನ ಬಾಯಿಗಿಟ್ಟಳು. ಕೂಸು ಚಪ್ಪರಿಸಿತು. ಆಮೇಲೆ ಅತ್ತೆ ನನ್ನ ಮುಖ ನೋಡಿ, ಪಕ್ಕೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ, ಎಲ್ಲರಿಗಿಂತ ಜೋರಾಗಿ ನಕ್ಕಳು.