ಒಡೆದ ತುಟಿ

ಹೊಂಬಾಳಮ್ಮನಿಗೆ ಮೊದಲು ಅನುಮಾನ ಬಂದದ್ದು ಮಗಳ ತುಟಿ ನೋಡಿ. ಯೋಗಿತಾ ತಿಪಟೂರಿನ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದಳು, ದಿನಾ ಹಾಲ್ಕುರಿಕೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಒಂದು ಬುಧವಾರ ಸಂಜೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದವಳ ಕೆಳತುಟಿ ಊದಿಕೊಂಡು, ನಡುವೆ ಸೀಳು ಬಿಟ್ಟಿತ್ತು. ಕೇಳಿದರೆ ಚಳಿಗೆ ಒಡೆದಿದೆ ಅಂದಳು.

ತಾಯಿ ಬೆಣ್ಣೆ ಹಚ್ಚಿದಳು. ಶುಕ್ರವಾರದ ಹೊತ್ತಿಗೆ ತುಟಿ ಮಾಗಿತು. ಶನಿವಾರ ಸಂಜೆ ನೋಡಿದರೆ ಮತ್ತೆ ಹಾಗೇ. ಮುಂದಿನ ವಾರವೂ ಬುಧವಾರ ಒಡೆಯಿತು, ಶನಿವಾರ ಒಡೆಯಿತು. ಚಳಿಗೆ ವಾರ ಗೊತ್ತಿರುತ್ತದೆಯೇ ಎಂದು ಹೊಂಬಾಳಮ್ಮ ಮನಸ್ಸಿನಲ್ಲೇ ಅಂದುಕೊಂಡಳು. ಆ ಎರಡು ದಿನವೂ ಮಗಳು ಬರುವುದು ಕತ್ತಲಾಗುವ ಹೊತ್ತಿಗೆ. ಲ್ಯಾಬ್ ಇತ್ತು ಅನ್ನುತ್ತಿದ್ದಳು.

ಯೋಗಿತಾಳಿಗೆ ಸಂಗೀತದ ಹುಚ್ಚು ಇದ್ದದ್ದು ಮನೆಯವರಿಗೆಲ್ಲ ಗೊತ್ತಿತ್ತು. ಚಿಕ್ಕವಳಿದ್ದಾಗ ಯಾರ ಮದುವೆಗೆ ಹೋದರೂ ಊಟದ ಪಂಕ್ತಿ ಬಿಟ್ಟು ವಾಲಗದವರ ಪಕ್ಕ ಕೂತುಬಿಡುತ್ತಿದ್ದಳು, ಎಬ್ಬಿಸಿಕೊಂಡು ಬರುವುದೇ ಒಂದು ಕೆಲಸ. ಈಗ ಕಿವಿಗೆ ವೈರು ಸಿಕ್ಕಿಸಿಕೊಂಡೇ ಹಸುಗಳಿಗೆ ಹುಲ್ಲು ಹಾಕುತ್ತಿದ್ದಳು. ಕಾಯಿ ತುರಿಯುವಾಗ ಎಡಗೈ ಬಿಡುವಾದರೆ ಅದು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮಿಕ್ಸಿ ತಿರುಗಿದರೆ ಅದರ ಶ್ರುತಿಗೆ ಸರಿಯಾಗಿ ಏನೋ ಗುನುಗುತ್ತಿದ್ದಳು. ಇಷ್ಟು ದಿನ ಇದೆಲ್ಲ ಮಕ್ಕಳಾಟ ಎಂದುಕೊಂಡಿದ್ದ ತಾಯಿಗೆ ಈಗ ಆ ಗುನುಗೂ ಬೇರೆಯಾಗಿ ಕೇಳತೊಡಗಿತು. ಹಾಡಿಗಾಗಿ ಹಾಡುತ್ತಿದ್ದಾಳೋ, ಯಾರನ್ನಾದರೂ ನೆನೆದು ಹಾಡುತ್ತಿದ್ದಾಳೋ?

ಒಂದು ದಿನ ಮಗಳು ನೀರು ಹಾಕಿಕೊಳ್ಳಲು ಹೋದಾಗ ಅವಳ ಬ್ಯಾಗಿಗೆ ಕೈ ಹಾಕಿದಳು. ಪುಸ್ತಕದ ನಡುವೆ ಸರ್ಕಾರಿ ಬಸ್ಸಿನ ಹೆಂಗಸರ ಫ್ರೀ ಟಿಕೆಟ್ಟುಗಳು ಏಳೆಂಟು ಮುದುರಿ ಕೂತಿದ್ದವು. ಬಿಡಿಸಿ ಓದಿದರೆ ಎಲ್ಲವೂ ತಿಪಟೂರಿನಿಂದ ಕಿಬ್ಬನಹಳ್ಳಿಗೆ. ಕಿಬ್ಬನಹಳ್ಳಿಯಲ್ಲಿ ತಮಗೆ ನೆಂಟರಿಲ್ಲ, ಇಷ್ಟರಿಲ್ಲ. ಹೆದ್ದಾರಿ ಪಕ್ಕದ ಆ ಊರಿನಲ್ಲಿ ಇವಳಿಗೇನು ಕೆಲಸ? ಅಷ್ಟರಲ್ಲಿ ಮಂಚದ ಮೇಲಿದ್ದ ಮೊಬೈಲು ಗುಂಯ್ ಅಂದಿತು. ಗಾಜಿನ ಮೇಲೆ ‘ಸಿ.ಆರ್.’ ಎಂಬ ಹೆಸರು, ಕೆಳಗೆ ಎರಡು ಸಾಲು: ‘ನಾಳೆ ಮನೇಲಿ ಯಾರೂ ಇರಲ್ಲ. ಎರಡು ಗಂಟೆಗೇ ಬಾ.’

ಹೊಂಬಾಳಮ್ಮ ಟಿಕೆಟ್ಟುಗಳನ್ನು ಮತ್ತೆ ಪುಸ್ತಕದ ನಡುವೆ ತುರುಕಿದಳು. ಗಂಡ ಈರಣ್ಣನಿಗೆ ಹೇಳೋಣವೆಂದು ಕೊಟ್ಟಿಗೆಯವರೆಗೆ ಹೋದಳು. ಅವನು ದುಡುಕು ಮನುಷ್ಯ, ಕೇಳಿದ ಮೇಲೆ ಮಗಳು ಕಾಲೇಜಿನ ಮೆಟ್ಟಿಲು ಹತ್ತುವುದು ಸುಳ್ಳು. ಹೇಳದೆ ವಾಪಸ್ಸು ಬಂದಳು.

ಮಾರನೆಯ ದಿನ ಶನಿವಾರ. ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಗಂಡನಿಗೆ ಹೇಳಿ, ಮಧ್ಯಾಹ್ನಕ್ಕೆ ಮುಂಚೆಯೇ ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಎಳನೀರಿನ ಗಾಡಿಯ ಮರೆಯಲ್ಲಿ ನಿಂತಳು. ಒಂದೂಕಾಲಕ್ಕೆ ಯೋಗಿತಾ ಒಬ್ಬಳೇ ಬಂದು ತುಮಕೂರು ಕಡೆಯ ಬಸ್ಸು ಹತ್ತಿದಳು. ತಾಯಿ ತಲೆ ತುಂಬ ಸೆರಗು ಹೊದ್ದು ಹಿಂದಿನ ಬಾಗಿಲಿನಿಂದ ಹತ್ತಿದಳು. ಮಗಳು ಕಿವಿಗೆ ವೈರು ಹಾಕಿಕೊಂಡು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು, ಒಮ್ಮೆಯೂ ಹಿಂತಿರುಗಲಿಲ್ಲ. ಅವಳ ಬೆರಳುಗಳು ಮಾತ್ರ ಮುಂದಿನ ಸೀಟಿನ ಕಂಬಿಯ ಮೇಲೆ ಒಂದೊಂದಾಗಿ ಎದ್ದು ಬೀಳುತ್ತಿದ್ದವು. ಎಷ್ಟು ಸಂಭ್ರಮ ನೋಡು ಇವಳಿಗೆ ಎಂದುಕೊಂಡಳು ಹೊಂಬಾಳಮ್ಮ.

ಕಿಬ್ಬನಹಳ್ಳಿಯಲ್ಲಿ ಇಳಿದ ಮಗಳು ಅಂಗಡಿ ಸಾಲು ದಾಟಿ, ತೆಂಗಿನ ಸಿಪ್ಪೆಯ ರಾಶಿ ಬಳಸಿ, ಹೆಂಚಿನ ಮನೆಯೊಂದಕ್ಕೆ ಹೋದಳು. ಯಾರೋ ಒಳಗೆ ಬಿಟ್ಟುಕೊಂಡು ಬಾಗಿಲು ಹಾಕಿದರು. ಹೊಂಬಾಳಮ್ಮ ಓಡೋಡಿ ಬಂದು ಬಾಗಿಲಿಗೆ ಕಿವಿ ಇಟ್ಟಳು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಒಂದು ಗಂಡು ದನಿ, ಮೆಲ್ಲಗೆ: “ಹಂಗೆ ಕಚ್ಬೇಡ ಕಣಮ್ಮ. ತುಟಿ ಸಡ್ಲ ಬುಡು.”

ಅವಳು ಎರಡೂ ಕೈಯಲ್ಲಿ ಬಾಗಿಲು ಬಡಿದಳು. ಬೀದಿಗೆ ಕೇಳಿಸೀತೆಂಬ ಯೋಚನೆಯೂ ಬರಲಿಲ್ಲ.

ಬಾಗಿಲು ತೆಗೆದದ್ದು ಎಪ್ಪತ್ತು ದಾಟಿದ ಒಬ್ಬ ಮುದುಕ. ದಪ್ಪ ಕನ್ನಡಕ, ಹೆಗಲ ಮೇಲೆ ಟವಲ್ಲು. ಅವನ ಹಿಂದೆ ಚಾಪೆಯ ಮೇಲೆ ಯೋಗಿತಾ ಕಾಲು ಮಡಿಸಿ ಕೂತಿದ್ದಳು. ಅವಳ ಕೈಯಲ್ಲಿ ಎರಡೂವರೆ ಅಡಿ ಉದ್ದದ ಕರಿಮರದ ನಾಗಸ್ವರ ಇತ್ತು. ಅಮ್ಮನನ್ನು ಕಂಡವಳೇ ಅದನ್ನು ಎದೆಗೆ ಅವುಚಿಕೊಂಡಳು.

ಹೊಂಬಾಳಮ್ಮ ನೇರ ಒಳಗೆ ಹೋಗಿ ಅಡಿಗೆ ಕೋಣೆ ನೋಡಿದಳು, ಪಡಸಾಲೆಯ ಪಕ್ಕದ ರೂಮು ನೋಡಿದಳು, ಹಿತ್ತಲ ಬಾಗಿಲು ತೆಗೆದು ನೋಡಿದಳು. ಯಾರೂ ಇರಲಿಲ್ಲ. ತೊಟ್ಟಿಲಲ್ಲಿ ಮಗುವಿನ ಬಟ್ಟೆ ಇತ್ತು ಅಷ್ಟೆ.

“ಸಿ.ಆರ್. ಯಾರು?” ಎಂದು ಕೇಳಿದಳು.

“ಇವ್ರೇ ಅಮ್ಮ. ಚಿಕ್ಕರಂಗಯ್ಯ ಮೇಷ್ಟ್ರು,” ಅಂದಳು ಯೋಗಿತಾ.

ಮುದುಕ ಕೈಮುಗಿದು ನಡೆದದ್ದನ್ನೆಲ್ಲ ಹೇಳಿದ. ನಲವತ್ತು ವರ್ಷ ವಾಲಗ ಊದಿದವನು, ಉಬ್ಬಸ ಬಂದು ಬಿಟ್ಟವನು. ಕಾರ್ತೀಕದಲ್ಲಿ ಇವಳು ವಿಳಾಸ ಹುಡುಕಿಕೊಂಡು ಬಂದಳಂತೆ. ಹೆಣ್ಣುಮಕ್ಕಳಿಗೆ ಇದು ಬೇಡ, ದಮ್ಮು ಸಾಲದು, ಜನ ಆಡಿಕೊಳ್ಳುತ್ತಾರೆ ಎಂದು ನಾಲ್ಕು ಸಲ ಹಿಂದಕ್ಕೆ ಕಳಿಸಿದನಂತೆ. ಐದನೇ ಸಲವೂ ಬಂದು ಜಗಲಿಯಲ್ಲಿ ಕೂತಳಂತೆ. ಮೊಮ್ಮಗು ಮಲಗುವ ಹೊತ್ತಿನಲ್ಲಿ ಜೋರಾಗಿ ಊದುವಂತಿಲ್ಲ; ಈವತ್ತು ಮಗ ಸೊಸೆ ಮಗುವಿನೊಂದಿಗೆ ತುರುವೇಕೆರೆಗೆ ಹೋಗುವವರಿದ್ದರು, ಅದಕ್ಕೇ ಬೇಗ ಬಾ ಎಂದು ಸೊಸೆಯ ಕೈಲಿ ಮೆಸೇಜು ಹಾಕಿಸಿದ್ದ. ಊದುವ ತುದಿಯಲ್ಲಿ ಸಿಕ್ಕಿಸುವ ಹುಲ್ಲಿನ ಪೀಪಿಯನ್ನು ಹೊಸಬರು ಕಚ್ಚಿ ಹಿಡಿಯುತ್ತಾರೆ, ತುಟಿ ಒಡೆಯುವುದು ಅದರಿಂದ ಎಂದು ಪೀಪಿಯನ್ನೇ ಬಿಚ್ಚಿ ಹೊಂಬಾಳಮ್ಮನ ಕೈಗೆ ಕೊಟ್ಟ.

ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಮನೇಲಿ ಯಾಕೆ ಹೇಳ್ಲಿಲ್ಲ?” ಎಂದು ಮಗಳನ್ನು ಕೇಳಿದಳು.

“ಹೇಳಿದ್ರೆ ಬುಡ್ತಿದ್ರಾ ಅಮ್ಮ? ವಾಲಗ ಊದಾಕ್ ಹೋಗ್ತೀಯಾ ಅಂತ ಅಪ್ಪ ಬೈತಿರ್ಲಿಲ್ವಾ?”

ಹೊಂಬಾಳಮ್ಮ ಪೀಪಿಯನ್ನು ಮಗಳ ಕೈಗೆ ವಾಪಸ್ಸು ಕೊಟ್ಟಳು. ಊದು ನೋಡೋಣ ಅಂದಳು.

ಯೋಗಿತಾ ಊದಿದಳು. ಮೊದಲು ಕರು ಒದರಿದ ಹಾಗೆ ಕೇಳಿತು. ಎರಡನೇ ಸಲ ಬರೀ ಗಾಳಿ. ಮೂರನೇ ಸಲ ನಾಲ್ಕು ಸ್ವರ ಒಂದರ ಹಿಂದೊಂದು ನೆಟ್ಟಗೆ ಹೊರಟು ಮನೆಯೆಲ್ಲ ತುಂಬಿದವು, ಐದನೆಯದು ಮುರಿಯಿತು. ಮುದುಕ ಕಣ್ಣು ಮುಚ್ಚಿಕೊಂಡೇ ಇನ್ನೊಂದು ಸಲ ಅಂದ. ಅದೇ ನಾಲ್ಕು ಸ್ವರವನ್ನು ಮಗಳು ಇಪ್ಪತ್ತು ಸಲ ಊದಿದಳು. ಕುತ್ತಿಗೆಯ ನರ ಉಬ್ಬಿ, ಹಣೆಯ ಬೆವರು ಕಣ್ಣಿಗಿಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಮನೆಯಲ್ಲಿ ಒಂದು ಬಿಂದಿಗೆ ನೀರು ತರಲು ಮೂರು ಸಲ ಕರೆಸಿಕೊಳ್ಳುವ ಹುಡುಗಿ ಇವಳೇನಾ ಎಂದು ತಾಯಿಗೆ ಅನಿಸಿತು.

ಹಾಗೆಂದು ಅವಳ ಅನುಮಾನ ಅಂದೇ ಹೋಗಲಿಲ್ಲ. ಮುಂದಿನ ಬುಧವಾರ ಗಂಡನಿಗೆ ಮತ್ತೆ ಕಣ್ಣಿನ ನೆಪ ಹೇಳಿ, ಮಗಳಿಗೆ ತಿಳಿಸದೆ ಕಿಬ್ಬನಹಳ್ಳಿಗೆ ಹೋದಳು, ಶನಿವಾರವೂ ಹೋದಳು. ಮೇಷ್ಟ್ರ ಸೊಸೆಯನ್ನು ಮಾತಾಡಿಸಿ ಮನೆಯ ಕಥೆಯೆಲ್ಲ ಕೇಳಿಕೊಂಡಳು. ಹೀಗೆ ಮೂರನೆಯ ವಾರ ಆ ಸೊಸೆ ಕೊಟ್ಟ ಕಾಫಿ ಕುಡಿದು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪಾಠ ಮುಗಿಯುವವರೆಗೂ ಕೂತಳು.

ಅಷ್ಟರಲ್ಲಿ ಈರಣ್ಣನಿಗೆ ಅನುಮಾನ ಶುರುವಾಗಿತ್ತು. ವಾರಕ್ಕೆರಡು ಸಲ ತೋರಿಸುವಂಥ ಕಣ್ಣು ಯಾವುದು ಎಂದು ಒಂದು ಸಂಜೆ ನಿಲ್ಲಿಸಿ ಕೇಳಿದ. ಹೊಂಬಾಳಮ್ಮ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವನು ನಂಬಲಿಲ್ಲ. ತಾಯಿ ಮಗಳು ಸೇರಿಕೊಂಡು ಏನೋ ಮುಚ್ಚಿಡುತ್ತಿದ್ದೀರಿ, ಯಾವನೋ ಹುಡುಗನ ವಿಷಯ ಇರಬೇಕು, ವಾಲಗದ ನೆಪ ಯಾಕೆ ಎಂದು ಕೂಗಾಡಿದ.

“ಹುಡುಗನೂ ಇಲ್ಲ ಗಿಡುಗನೂ ಇಲ್ಲ ಕಣ್ರೀ. ನಾಳೆ ಮೇಷ್ಟ್ರ ವಾಲಗನೇ ಈಸ್ಕೊಂಡು ಬತ್ತೀವಿ. ನೀವೇ ಕೇಳ್ರಿ,” ಅಂದಳು ಹೊಂಬಾಳಮ್ಮ.

ತಂದರು. ಮಾರನೆಯ ಸಂಜೆ ತೋಟದ ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂತು ಯೋಗಿತಾ ಊದಿದಳು. ಈಗ ಏಳೂ ಸ್ವರ ಹತ್ತುತ್ತಿದ್ದವು, ಇಳಿಯುವಾಗ ಮಾತ್ರ ಎಡವುತ್ತಿದ್ದಳು. ಈರಣ್ಣ ತೆಂಗಿನ ಮರಕ್ಕೆ ಒರಗಿ ಕೇಳಿಸಿಕೊಂಡ. ಮಗಳ ಮುಖವನ್ನೂ ಒಡೆದ ತುಟಿಯನ್ನೂ ನೋಡಿದ. ಪಕ್ಕದ ತೋಟದ ಮಾರಯ್ಯ ಬೇಲಿ ಹತ್ತಿರ ಬಂದು, ಯಾರದಪ್ಪ ಮದುವೆ ಎಂದು ಕೇಳಿದ. ಈರಣ್ಣ ಹೆಂಡತಿಯ ಕಡೆ ನೋಡಿದ.

“ನಮ್ಮ ಹುಡುಗಿ ಕಣಪ್ಪ, ಕಲೀತಾವ್ಳೆ,” ಅಂದಳು ಹೊಂಬಾಳಮ್ಮ.

ಮಾರಯ್ಯ ಹೋದ ಮೇಲೆ ಈರಣ್ಣ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಆ ಮೇಷ್ಟ್ರ ಮನೆಯಲ್ಲಿ ಯಾರ್‍ಯಾರು ಇದ್ದಾರೆ ಎಂದು ಕೇಳಿದ. ಅವಳು ಒಬ್ಬೊಬ್ಬರನ್ನೇ ಹೆಸರು ಹಿಡಿದು ಹೇಳಿದಳು. ಅವನು ಹೂಂ ಅಂದ. ಶನಿವಾರ ತಾನೂ ಬರುತ್ತೇನೆ ಅಂದ.